ರಾಜಧಾನಿಯಲ್ಲಿ ನಮ್ಮ ಸರದಿ

ಬೋರನಕಣಿವೆಯಲ್ಲಿ ನೀರು ನಿಂತ ವರ್ಷಗಳಲ್ಲಿ ನಮ್ಮ ತೋಟಕ್ಕೆ ನಾಲೆಯ ನೀರು ಬರುತ್ತಿದ್ದುದು ಸಾಮಾನ್ಯವಾಗಿ ನಡುರಾತ್ರಿ ಕಳೆದ ಮೇಲೆ. ನಮ್ಮದು ಕೊನೆಯ ತೂಬು. ಮೇಲಿನವರ ತೋಟಗಳೆಲ್ಲ ತಣಿದ ಬಳಿಕ ನೀರುಗಂಟಿ ನಮ್ಮ ಬೇಲಿಯ ಬಳಿ ನಿಂತು ಒಂದೇ ಒಂದು ಸಲ ಕೂಗುವನು. ತಂದೆಯವರು ಗುದ್ದಲಿ, ಬ್ಯಾಟರಿಗಳನ್ನು ತಲೆದೆಸೆಯಲ್ಲಿಯೇ ಇಟ್ಟುಕೊಂಡು ಮಲಗಿರುತ್ತಿದ್ದರು. ಹತ್ತು ನಿಮಿಷ ತಡವಾದರೆ ಆ ನೀರು ಯಾರಿಗೂ ಇಲ್ಲದೆ ಹಳ್ಳ ಸೇರುವುದು. ಮೇಲಿನವರಲ್ಲಿ ಯಾರಾದರೂ ಪ್ರಬಲರು ಸರದಿಯನ್ನು ಮುರಿದ ವರ್ಷವಂತೂ ನಮ್ಮ ಪಾಲಿಗೆ ಹಸಿಯಾದ ನಾಲೆಯ ತಳವಷ್ಟೇ ಉಳಿಯುತ್ತಿತ್ತು. ಆದುದರಿಂದ ತಂದೆಯವರಿಗೆ ‘ಸರದಿ’ ಎಂಬ ಮಾತಿನಲ್ಲಿ ಒಂದು ಬಗೆಯ ಭಕ್ತಿಯೇ ಇದೆ. “ಸರದಿ ಅನ್ನೋದು ಇದ್ರೆ ಕೊನೇ ತೂಬಿನವನಿಗೂ ನೀರು, ಇಲ್ದಿದ್ರೆ ಗುದ್ದಲಿ ಗಟ್ಟಿಯಾಗಿರೋನಿಗೆ ನೀರು” ಎಂದು ಅವರು ಹೇಳುವುದುಂಟು.

ದೆಹಲಿಯ ಪ್ರವಾಸವನ್ನು ಕುರಿತ ಬರಹವನ್ನು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ನಾಲೆಯೊಂದರಿಂದ ಆರಂಭಿಸಿದುದಕ್ಕೆ ವಾಚಕರು ಮನ್ನಿಸಬೇಕು. 2025ರ ಫೆಬ್ರುವರಿಯಲ್ಲಿ ತಂದೆತಾಯಿಯರನ್ನು ಮೂರು ದಿನಗಳ ಮಟ್ಟಿಗೆ ರಾಜಧಾನಿಗೆ ಕರೆದುಕೊಂಡು ಹೋಗುವ ಭಾರ ನನ್ನ ಮೇಲೆ ಬಿತ್ತು. ಅಲ್ಲಿ ಏನನ್ನು ಮುಂಗಡವಾಗಿ ಕಾಯ್ದಿರಿಸಬೇಕು, ಏನನ್ನು ಬಿಡಬೇಕು, ಯಾವ ಹೊತ್ತನ್ನು ಖಾಲಿಯಾಗಿಯೇ ಇಟ್ಟುಕೊಳ್ಳಬೇಕು ಎಂಬ ಲೆಕ್ಕದಲ್ಲಿ ಎಂ.ಎ. ಪದವಿಗಿಂತ ಈ ನಾಲೆಯ ಪಾಠವೇ ನನಗೆ ಹೆಚ್ಚು ನೆರವಾಯಿತು.

ಮೂರೇ ದಿನವೇಕೆ ಎಂದು ಪಟ್ಟಣದ ವಾಚಕರು ಕೇಳಬಹುದು. ತೆಂಗಿನ ತೋಟವಿರುವವರಾರೂ ಕೇಳಲಾರರು. ತೋಟದ ಮೋಟಾರಿಗೆ ವಿದ್ಯುತ್ತು ಬರುವ ಹೊತ್ತು ಇಂಥದೇ ಎಂದು ಹೇಳುವಂತಿಲ್ಲ. ಹಸು ಅಮ್ಮನ ಕೈಗಲ್ಲದೆ ಬೇರೆಯವರ ಕೈಗೆ ಹಾಲು ಕೊಡುವುದಿಲ್ಲ. ಕಿತ್ತ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕುಳಿತು ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗುವವರೆಗೆ ಸುಮ್ಮನೆ ಕಾಯಬಲ್ಲ ನಮ್ಮ ತಂದೆಯವರಿಗೆ ಒಂದು ವಾರ ತೋಟವನ್ನು ಬಿಟ್ಟಿರುವಷ್ಟು ತಾಳ್ಮೆಯಿಲ್ಲ. ರಾಗಿಯ ಒಕ್ಕಣೆ ಮುಗಿದಿತ್ತು. ಫೆಬ್ರುವರಿ 26ಕ್ಕೆ ಶಿವರಾತ್ರಿ. ಆ ದಿನ ಊರಿನಲ್ಲಿರಲೇಬೇಕು ಎಂಬುದು ಅವರ ಷರತ್ತು. 20ರಂದು ಅರಸೀಕೆರೆಯಲ್ಲಿ ರೈಲು ಹತ್ತಿ, ಎರಡು ರಾತ್ರಿ ಅದರಲ್ಲಿಯೇ ಕಳೆದು, 22ರ ಶನಿವಾರ ದೆಹಲಿ ಸೇರುವುದು. 25ರ ಮಂಗಳವಾರ ವಿಮಾನದಲ್ಲಿ ಹಿಂದಿರುಗುವುದು. ನಡುವೆ ಉಳಿದುವು ಶನಿವಾರ, ಭಾನುವಾರ, ಸೋಮವಾರ.

ತಂದೆಯವರ ಆಸೆ ಒಂದೇ: ರಾಷ್ಟ್ರಪತಿ ಭವನವನ್ನು ಒಳಗಿನಿಂದ ನೋಡಬೇಕು. ಇದಕ್ಕೆ ಹಳೆಯದೊಂದು ಹಿನ್ನೆಲೆಯಿದೆ. ಬಹಳ ವರ್ಷಗಳ ಹಿಂದೆ ನಮ್ಮ ಚಿಕ್ಕಪ್ಪ ಪ್ರವಾಸದ ಬಸ್ಸೊಂದರಲ್ಲಿ ಉತ್ತರ ಭಾರತವನ್ನೆಲ್ಲ ಸುತ್ತಿ ಬಂದವರು. ದೆಹಲಿಗೆ ಅವರಿಗೆ ದೊರೆತದ್ದು ಒಂದೇ ದಿನ. “ಅದೋ ಅಲ್ಲಿ ಕಾಣುವ ಗುಮ್ಮಟವೇ ರಾಷ್ಟ್ರಪತಿ ಭವನ” ಎಂದು ಬಸ್ಸಿನವನು ಕೈತೋರಿಸಿದನಂತೆ. ಎಲ್ಲರೂ ಅತ್ತ ತಿರುಗುವಷ್ಟರಲ್ಲಿ ಬಸ್ಸು ಇತ್ತ ತಿರುಗಿತಂತೆ. ಅಂದಿನಿಂದ ಇಂದಿನವರೆಗೆ ಮದುವೆ ಮುಂಜಿಗಳಲ್ಲಿ ಚಿಕ್ಕಪ್ಪ “ನಾನು ರಾಷ್ಟ್ರಪತಿ ಭವನ ನೋಡಿದವನು” ಎಂದು ಮಾತು ತೆಗೆಯುವುದು, “ನೀನು ನೋಡಿದ್ದು ಭವನ ಅಲ್ಲ ಕಣೋ, ಬಸ್ಸಿನ ಕಿಟಕಿ” ಎಂದು ತಂದೆಯವರು ಹೇಳುವುದು ನಡೆದೇ ಇದೆ.

ಅಮ್ಮನಿಗೆ ತಾಜಮಹಲನ್ನೂ ಹೂದೋಟವನ್ನೂ ನೋಡುವ ಬಯಕೆ. ನನ್ನ ಹತ್ತು ವರ್ಷದ ಮಗನಿಗೆ ಕೆಂಪು ಕೋಟೆ. ನನ್ನ ಹೆಂಡತಿಗೆ, ಈ ನಾಲ್ವರೂ ಒಬ್ಬರನ್ನೊಬ್ಬರು ಕಳೆದುಕೊಳ್ಳದೆ ಊರಿಗೆ ಹಿಂದಿರುಗಿದರೆ ಸಾಕು ಎಂಬುದೇ ಬಯಕೆ.

ಮೊದಲು ರೈಲಿನ ಮಾತು. ರೈಲ್ವೆಯವರು ನಾಲ್ಕು ತಿಂಗಳು ಮುಂಚಿತವಾಗಿ, ಎಂದರೆ 120 ದಿನ ಮೊದಲೇ, ಆಸನ ಕಾಯ್ದಿರಿಸಲು ಅವಕಾಶ ಕೊಡುತ್ತಿದ್ದ ಕಾಲವೊಂದಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿಯಿತು. ಇದರಿಂದ ನಷ್ಟವೆಂದು ಅನೇಕರು ಗೊಣಗಿದರು. ನನಗಂತೂ ಅದು ಒಳ್ಳೆಯದೆಂದೇ ತೋರಿತು. ನಾಲ್ಕು ತಿಂಗಳಾಚೆಗೆ ತೋಟದಲ್ಲಿ ಏನಿರುವುದೆಂದು ಯಾವ ರೈತ ಹೇಳಬಲ್ಲ? ಎರಡು ತಿಂಗಳಾದರೆ ಅಂದಾಜು ಮಾಡಬಹುದು. ಡಿಸೆಂಬರ್ 22, ಭಾನುವಾರ, ಬೆಳಗ್ಗೆ ಎಂಟು ಗಂಟೆಗೆ ಸರಿಯಾಗಿ ನಾನು ಗಣಕಯಂತ್ರದ ಮುಂದೆ ಕುಳಿತೆ. ತಂದೆಯವರು ಊರಿನಿಂದ ಏಳೂಮುಕ್ಕಾಲಿಗೇ ದೂರವಾಣಿ ಮಾಡಿ “ಎದ್ದಿದೀಯಾ?” ಎಂದು ವಿಚಾರಿಸಿದರು. ನೀರುಗಂಟಿಯ ಕೂಗನ್ನು ಕಾಯುವ ಅಭ್ಯಾಸ ಎಲ್ಲಿ ಹೋದೀತು?

ಸೋಮವಾರದ ಗಂಡಾಂತರ

ರೈಲು ದೊರೆತ ಮೇಲೆ ನಾನು ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆದು ಅಂದವಾದ ಯೋಜನೆಯೊಂದನ್ನು ಬರೆದೆ. ಶನಿವಾರ ಆಗ್ರಾ, ಭಾನುವಾರ ಕುತುಬ್ ಮಿನಾರ್ ಮತ್ತು ಹುಮಾಯೂನನ ಸಮಾಧಿ, ಸೋಮವಾರ ರಾಷ್ಟ್ರಪತಿ ಭವನ, ಕೆಂಪು ಕೋಟೆ, ಪ್ರಧಾನಮಂತ್ರಿ ಸಂಗ್ರಹಾಲಯ. ಅಧ್ಯಾಪಕರ ವೇಳಾಪಟ್ಟಿಯಂತೆ ಅದು ನೋಡಲು ಬಹಳ ಚೆನ್ನಾಗಿತ್ತು. ದೋಷವೆಂದರೆ ಅದರ ಸೋಮವಾರದ ಅಂಕಣದಲ್ಲಿದ್ದ ಪ್ರತಿಯೊಂದು ಬಾಗಿಲೂ ಸೋಮವಾರ ಮುಚ್ಚಿರುತ್ತದೆ! ರಾಷ್ಟ್ರಪತಿ ಭವನದ ಸಂದರ್ಶನವಿಲ್ಲ, ಕೆಂಪು ಕೋಟೆಯಿಲ್ಲ, ಪ್ರಧಾನಮಂತ್ರಿ ಸಂಗ್ರಹಾಲಯವಿಲ್ಲ, ರಾಷ್ಟ್ರೀಯ ವಸ್ತುಸಂಗ್ರಹಾಲಯವಿಲ್ಲ. ಅಕ್ಷರಧಾಮವೂ ಕಮಲ ಮಂದಿರವೂ ಅಂದೇ ಬಿಡುವು ತೆಗೆದುಕೊಳ್ಳುತ್ತವೆ. ಭಾನುವಾರ, ಸೋಮವಾರ ಎರಡೇ ದಿನ ಇಟ್ಟುಕೊಂಡು ದೆಹಲಿಗೆ ಹೋಗುವವರು ಅರ್ಧ ದೆಹಲಿಯನ್ನು ಗೋಡೆಯ ಹೊರಗಿನಿಂದ ನೋಡಿ ಬರಬೇಕಾಗುತ್ತದೆ.

ನಾನು ಪೇಚಾಡುತ್ತ ಇದನ್ನು ತಂದೆಯವರಿಗೆ ಹೇಳಿದೆ. ಅವರಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. “ಸೋಮವಾರ ನಾವೂ ಎತ್ತಿನ ಕೊರಳಿಗೆ ನೊಗ ಇಡ್ತಿರಲಿಲ್ಲ. ಬಸವಣ್ಣನ ದಿವಸ. ಅವರೂ ಬಿಡುವು ಮಾಡ್ಕೊಳ್ಲಿ ಬಿಡು” ಎಂದರು.

ಆದರೆ ಆಗ್ರಾದ ಬಸವಣ್ಣ ಬೇರೆ. ತಾಜಮಹಲಿಗೆ ಶುಕ್ರವಾರ ಮಾತ್ರ ಬಿಡುವು. ಕುತುಬ್ ಮಿನಾರಕ್ಕಾಗಲಿ ಹುಮಾಯೂನನ ಸಮಾಧಿಗಾಗಲಿ ವಾರದ ಬಿಡುವೇ ಇಲ್ಲ. ಆದ್ದರಿಂದ ಹಾಳೆಯನ್ನು ತಿರುಗುಮುರುಗು ಮಾಡಿ ಸೋಮವಾರವನ್ನು ಆಗ್ರಾಕ್ಕೆ ಒಪ್ಪಿಸಿದೆ. 2016ರ ಏಪ್ರಿಲ್‌ನಲ್ಲಿ ಆರಂಭವಾದ ಗತಿಮಾನ್ ರೈಲು ನಿಜಾಮುದ್ದೀನ್ ನಿಲ್ದಾಣದಿಂದ ಬೆಳಗ್ಗೆ ಹೊರಟು ನೂರು ನಿಮಿಷಗಳಲ್ಲಿ ಆಗ್ರಾ ತಲುಪಿಸುತ್ತದೆ; ಸಂಜೆ ಮರಳಿ ಕರೆತರುತ್ತದೆ. ಅದೂ ಶುಕ್ರವಾರ ಓಡುವುದಿಲ್ಲ. ತಾಜಮಹಲು ಮುಚ್ಚಿದ ದಿನ ಅದಕ್ಕೆ ಏನು ಕೆಲಸ?

ಸಂಸತ್ತಿನ ಕಲಾಪವನ್ನು ಗ್ಯಾಲರಿಯಿಂದ ನೋಡುವ ಆಲೋಚನೆಯೂ ಒಮ್ಮೆ ಬಂದಿತ್ತು. ಅದಕ್ಕೆ ಸದಸ್ಯರೊಬ್ಬರ ಮೂಲಕ ಪಾಸು ಪಡೆಯಬೇಕು. 2023ರ ಡಿಸೆಂಬರ್ 13ರಂದು ಇಬ್ಬರು ಯುವಕರು ಲೋಕಸಭೆಯ ಗ್ಯಾಲರಿಯಿಂದ ಸಭಾಂಗಣಕ್ಕೆ ಧುಮುಕಿದ ಮೇಲೆ ಪಾಸುಗಳನ್ನೇ ಕೆಲಕಾಲ ನಿಲ್ಲಿಸಿದ್ದರು. ವಶೀಲಿ ಹುಡುಕಿಕೊಂಡು ಅಲೆಯುವುದು ತಂದೆಯವರ ಸ್ವಭಾವಕ್ಕೆ ಒಗ್ಗದ ಸಂಗತಿ, ಅದನ್ನು ಕೈಬಿಟ್ಟೆವು. ರಾಷ್ಟ್ರಪತಿ ಭವನಕ್ಕಾದರೋ ಯಾರ ಕಾಗದವೂ ಬೇಕಾಗಿರಲಿಲ್ಲ. ಅದರ ಜಾಲತಾಣದಲ್ಲಿ ದಿನವನ್ನೂ ಗಂಟೆಯನ್ನೂ ಆರಿಸಿ, ಬರುವವರೆಲ್ಲರ ವಿವರ ತುಂಬಿ, ತಲೆಗೆ 50 ರೂಪಾಯಿ ಕಟ್ಟಿದರೆ ಸಾಕು. ಭಾನುವಾರ ಬೆಳಗಿನ ಹೊತ್ತು ನಮಗೆ ದೊರೆಯಿತು. ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಭವನದ ಹಿಂದಿನ ಉದ್ಯಾನವನ್ನೂ ಸಾರ್ವಜನಿಕರಿಗೆ ತೆರೆಯುತ್ತಾರೆ. ಮೊಗಲ್ ಉದ್ಯಾನವೆಂದು ನಮ್ಮ ಪಠ್ಯಪುಸ್ತಕಗಳಲ್ಲಿದ್ದ ಇದಕ್ಕೆ 2023ರಿಂದ ಅಮೃತ ಉದ್ಯಾನವೆಂದು ಹೆಸರು. ಪ್ರವೇಶ ಉಚಿತ. ಆದರೂ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಂಡರೆ ಸರದಿಯಲ್ಲಿ ನಿಲ್ಲುವ ಶ್ರಮ ಕಡಿಮೆ. ಅದನ್ನು ಶನಿವಾರ ಮಧ್ಯಾಹ್ನಕ್ಕೆ ಇಟ್ಟುಕೊಂಡೆ.

ಇಲ್ಲೊಂದು ಎಚ್ಚರಿಕೆಯ ಮಾತು. ಸರ್ಕಾರದ ಜಾಲತಾಣಗಳಂತೆಯೇ ವೇಷ ಹಾಕಿಕೊಂಡ ಬೇರೆ ತಾಣಗಳು ಬೇಕಾದಷ್ಟಿವೆ. ನನ್ನ ಸಹೋದ್ಯೋಗಿಯೊಬ್ಬರು ಅಂಥದೊಂದರಲ್ಲಿ ಐವತ್ತು ರೂಪಾಯಿಯ ಟಿಕೆಟ್ಟಿಗೆ ನಾಲ್ಕು ಪಟ್ಟು ತೆತ್ತು, ಅದನ್ನು ‘ಸೇವಾ ಶುಲ್ಕ’ವೆಂದು ತಿಳಿದು ಸುಮ್ಮನಾಗಿದ್ದರು. ವಿಳಾಸದ ಕೊನೆಯಲ್ಲಿ ‘ಜಿಓವಿ ಡಾಟ್ ಇನ್’ ಇದೆಯೇ ಎಂದು ನೋಡಿಕೊಳ್ಳುವುದು, ತೂಬಿನ ಬಳಿ ಕೂಗಿದವನು ನೀರುಗಂಟಿಯೇ ಹೌದೇ ಎಂದು ಖಚಿತ ಮಾಡಿಕೊಂಡಷ್ಟೇ ಅಗತ್ಯ.

ಹುಟ್ಟಿದ ದಿನ ಜೂನ್ 1

ಕಾಯ್ದಿರಿಸುವಾಗ ನಿಜವಾಗಿ ನನ್ನನ್ನು ಕಾಡಿದ್ದು ಹಣವಲ್ಲ, ಹೆಸರು. ತಂದೆಯವರ ಆಧಾರ್ ಚೀಟಿಯಲ್ಲಿ ಊರಿನ ಹೆಸರು ಮೊದಲು ಬಂದು ಅವರ ಹೆಸರು ಆಮೇಲೆ. ಮತದಾರರ ಚೀಟಿಯಲ್ಲಿ ಅವರ ಹೆಸರು ಮೊದಲು, ತಾತನ ಹೆಸರು ಆಮೇಲೆ. ಪಹಣಿಯಲ್ಲಿ ಇವೆರಡೂ ಅಲ್ಲದ ಮೂರನೆಯದೊಂದು ರೂಪ. ಹಳಗನ್ನಡದ ಪಾಠಾಂತರಗಳನ್ನು ತಾಳೆನೋಡುವುದು ನನ್ನ ವೃತ್ತಿಯೇ ಆಗಿದ್ದರೂ ಮನೆಯಲ್ಲಿಯೇ ಇಂಥ ಹಸ್ತಪ್ರತಿಯಿದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹುಟ್ಟಿದ ದಿನವಂತೂ ಜೂನ್ 1. ತಂದೆಯವರಿಗೆ ಮಾತ್ರವಲ್ಲ, ಅವರ ಓರಗೆಯವರಲ್ಲಿ ಅನೇಕರಿಗೆ ಅದೇ ದಿನ; ಶಾಲೆಗೆ ಸೇರಿಸಿಕೊಂಡ ಮೇಷ್ಟರು ದಯಪಾಲಿಸಿದ್ದು. ಕೊನೆಗೆ ಒಂದೇ ನಿಯಮ ಮಾಡಿಕೊಂಡೆ: ರೈಲಾಗಲಿ ವಿಮಾನವಾಗಲಿ ಭವನವಾಗಲಿ, ಎಲ್ಲ ಕಡೆಯೂ ಆಧಾರ್‌ನಲ್ಲಿದ್ದ ಅಕ್ಷರಗಳನ್ನೇ ಒತ್ತು ಕೊಂಬು ಬಿಡದೆ ಬರೆಯುವುದು, ಹೋಗುವಾಗ ಮೂಲ ಚೀಟಿಯನ್ನೇ ಜೇಬಿನಲ್ಲಿಟ್ಟುಕೊಳ್ಳುವುದು. ಈ ಒಂದು ಎಚ್ಚರದಿಂದ ಪ್ರವಾಸದುದ್ದಕ್ಕೂ ಯಾವ ಬಾಗಿಲಲ್ಲಿಯೂ ನಮಗೆ ಮಾತು ಬೆಳೆಯಲಿಲ್ಲ.

ಈ ಏರ್ಪಾಡಿನ ಬಗ್ಗೆ ನನಗಿರುವ ಒಂದು ಸಂಶಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕಾಗದ ಕೊಡುವ ದೊಡ್ಡ ಮನುಷ್ಯರ ಅಗತ್ಯ ಈಗ ತಪ್ಪಿತು, ನಿಜ. ಆದರೆ ಅಪ್ಪನ ಸರದಿಯನ್ನು ಬರೆಸಲು ಗಣಕಯಂತ್ರ ಬಲ್ಲ ಮಗ ಬೇಕಾಯಿತಲ್ಲ! ಮಗನಿಲ್ಲದ, ಮಗನಿದ್ದೂ ದೂರವಿರುವ ಕೊನೆಯ ತೂಬಿನವರು ಏನು ಮಾಡಬೇಕು? ಹಳೆಯ ವಶೀಲಿ ಹೋಗಿ ಹೊಸದೊಂದು ವಶೀಲಿ ಬಂತೋ ಏನೋ ಎಂದು ಅನೇಕ ಸಲ ನನಗೆ ಅನ್ನಿಸಿದೆ. ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಆನ್ ಫ್ರಾಂಕ್ ಎಂಬ ಬಾಲಕಿ ಅಡಗಿದ್ದ ಮನೆಯನ್ನು ನೋಡಬೇಕಾದರೆ ಜಾಲತಾಣದಲ್ಲಿಯೇ ಟಿಕೆಟ್ಟು ಕೊಳ್ಳಬೇಕು. ಆರು ವಾರ ಮುಂದಿನ ಟಿಕೆಟ್ಟುಗಳನ್ನು ಪ್ರತಿ ಮಂಗಳವಾರ ಬಿಡುಗಡೆ ಮಾಡುತ್ತಾರೆ. ಬರ್ಲಿನ್ನಿನ ಸಂಸತ್ತಿನ ಗಾಜಿನ ಗುಮ್ಮಟಕ್ಕೆ ಹತ್ತಲು ಹಣ ಬೇಡ, ಆದರೆ ಹೆಸರನ್ನು ಮೊದಲೇ ಬರೆಸಿರಬೇಕು.

ಶನಿವಾರ ಮಧ್ಯಾಹ್ನ ಅಮೃತ ಉದ್ಯಾನದಲ್ಲಿ ಅಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಟ್ಯೂಲಿಪ್ ಹೂಗಳ ಪಾತಿಗಳು, ಗುಲಾಬಿಗಳು, ನೀರಿನ ಕಾಲುವೆಗಳು. ಸುಮಾರು ದೂರ ನಡೆದ ಮೇಲೆ ಒಂದೆಡೆ ನಿಂತು, “ಎಲ್ಲಾ ಚೆನ್ನಾಗೈತೆ ಕಣಪ್ಪ, ಒಂದು ತೆಂಗಿನ ಮರ ಇಲ್ವಲ್ಲ” ಎಂದರು. ದೆಹಲಿಯ ಚಳಿಗೆ ತೆಂಗು ಬದುಕುವುದಿಲ್ಲವೆಂದು ಹೇಳಿದೆ. ಅಮ್ಮ ಆ ಊರಿನವರ ಬಗ್ಗೆ ಮರುಕದಿಂದ ತಲೆಯಾಡಿಸಿದರು.

ಭಾನುವಾರ ನಮಗೆ ಗೊತ್ತುಮಾಡಿದ್ದ ಹೊತ್ತಿಗೆ ಒಂದು ಗಂಟೆ ಮೊದಲೇ ತಂದೆಯವರು ನಮ್ಮನ್ನು ಭವನದ ಬಾಗಿಲಿಗೆ ತಂದು ನಿಲ್ಲಿಸಿದ್ದರು. ಪಂಚೆ, ಇಸ್ತ್ರಿ ಮಾಡಿದ ಬಿಳಿಯ ಅಂಗಿ, ಹೆಗಲ ಮೇಲೆ ಟವೆಲು. ತಪಾಸಣೆಯಾಯಿತು. ನಮ್ಮ ಜೊತೆಗೆ ಆ ಹೊತ್ತಿನ ಸರದಿಯವರು ಇನ್ನೂ ಕೆಲವರಿದ್ದರು: ರಾಜಸ್ಥಾನದ ಪೇಟದ ಮುದುಕರೊಬ್ಬರು, ಅಸ್ಸಾಮಿನ ಕಡೆಯ ಒಂದು ಕುಟುಂಬ, ಕಾಲೇಜಿನ ಹುಡುಗಿಯರು. ಯಾರೂ ಯಾರಿಗಿಂತ ಮುಂದಲ್ಲ, ಹಿಂದಲ್ಲ.

ಭವನದ ವೈಭವವನ್ನು ವರ್ಣಿಸುವ ಗ್ರಂಥಗಳು ಬೇಕಾದಷ್ಟಿವೆ. ನಾನು ಅವುಗಳೊಡನೆ ಸ್ಪರ್ಧಿಸುವುದಿಲ್ಲ. 1911ರ ಡಿಸೆಂಬರ್ 12ರಂದು ಐದನೆಯ ಜಾರ್ಜ್ ದೊರೆ ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ತರುವುದಾಗಿ ಸಾರಿದ. ವೈಸರಾಯನ ಅರಮನೆಯೆಂದು ಎಡ್ವಿನ್ ಲಟ್ಯೆನ್ಸ್ ಇದನ್ನು ರೂಪಿಸಿದ. 1929ರ ಹೊತ್ತಿಗೆ ಕಟ್ಟಡ ಮುಗಿಯಿತು. ಕೋಣೆಗಳು 340. ಹದಿನೆಂಟೇ ವರ್ಷಗಳಲ್ಲಿ ಕಟ್ಟಿಸಿದವರು ಗಂಟುಮೂಟೆ ಕಟ್ಟಿದರು. ಇದೇ ದರ್ಬಾರ್ ಹಾಲಿನಲ್ಲಿ 1950ರ ಜನವರಿ 26ರಂದು ರಾಜೇಂದ್ರ ಪ್ರಸಾದರು ಮೊದಲ ರಾಷ್ಟ್ರಪತಿಯಾಗಿ ಪ್ರಮಾಣವಚನ ಸ್ವೀಕರಿಸಿದರು. 2024ರಲ್ಲಿ ಈ ಸಭಾಂಗಣಕ್ಕೆ ಗಣತಂತ್ರ ಮಂಟಪವೆಂದು ಹೆಸರಾಯಿತು. ಗುಪ್ತರ ಕಾಲದ ಬುದ್ಧನ ವಿಗ್ರಹ, ಅದರ ಮುಂದೆ ಎತ್ತರದ ಗುಮ್ಮಟದಿಂದ ಇಳಿಬಿಟ್ಟ ಎರಡು ಟನ್ನು ತೂಕದ ದೀಪಗುಚ್ಛ.

ನಾನು ತಂದೆಯವರಿಗೆ ಕನ್ನಡದ ಮಾತುಗಳನ್ನು ಹೇಳುತ್ತ ಬಂದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ರಾಧಾಕೃಷ್ಣನ್ ಅವರು 1962ರಿಂದ 1967ರವರೆಗೆ ಇಲ್ಲಿದ್ದರು. ಅವರು 1921ರಲ್ಲಿ ಮೈಸೂರು ಬಿಟ್ಟು ಹೊರಟಾಗ ವಿದ್ಯಾರ್ಥಿಗಳೇ ಅವರ ಗಾಡಿಯನ್ನು ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ನಮ್ಮ ಬಿ.ಡಿ. ಜತ್ತಿಯವರು 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಗಳಾಗಿದ್ದರು. ತಂದೆಯವರು ಎಲ್ಲಕ್ಕೂ ಹೂಂಗುಟ್ಟಿದರು. ಆದರೆ ಅವರು ನೋಡುತ್ತಿದ್ದುದು ದೀಪಗುಚ್ಛವನ್ನಲ್ಲ. ತಮ್ಮ ಚಪ್ಪಲಿಯ ಕೆಳಗಿನ ಅಮೃತಶಿಲೆಯನ್ನು. ಹೊರಗೆ ಬಂದು ಮೆಟ್ಟಿಲ ಬಳಿ ನಿಂತಾಗ ಅವರು ಕೇಳಿದರು:

“ಇಲ್ಲಿ ಐವತ್ತು ರೂಪಾಯಿ ತಗೊಂಡು ನನ್ನಂಥೋನಿಗೆ ಒಳಗೆ ಬಿಟ್ರಲ್ಲ. ನಮ್ಮ ವಿಧಾನಸೌಧದ ಒಳಗೆ ಹಿಂಗೆ ಬಿಡ್ತಾರಾ?”

ಆಗ ಅದಕ್ಕೆ ನನ್ನ ಬಳಿ ಇದ್ದ ಉತ್ತರ ‘ಇಲ್ಲ’ ಎಂಬುದೊಂದೇ.

ಖಾಲಿ ಬಿಟ್ಟ ಮಧ್ಯಾಹ್ನ

ಭಾನುವಾರ ಮಧ್ಯಾಹ್ನಕ್ಕೆ ನಾನು ಏನನ್ನೂ ಕಾಯ್ದಿರಿಸಿರಲಿಲ್ಲ. ದಿನಕ್ಕೆ ಒಂದೇ ಗೊತ್ತಾದ ಹೊತ್ತು, ಉಳಿದುದೆಲ್ಲ ಕಾಲುಗಳ ಇಚ್ಛೆ ಎಂಬುದು ಆ ಹಾಳೆಯನ್ನು ತಿದ್ದುವಾಗಲೇ ಮಾಡಿಕೊಂಡಿದ್ದ ತೀರ್ಮಾನ. ಮೂರು ದಿನದ ಪ್ರವಾಸದಲ್ಲಿ ಅರ್ಧ ದಿನ ಖಾಲಿ ಬಿಡುವುದೆಂದರೆ ದುಂದು ಎಂದು ತೋರಬಹುದು. ಆದರೆ ಎಪ್ಪತ್ತರ ಹತ್ತಿರದ ಮೊಣಕಾಲುಗಳಿಗೆ ಜಾಲತಾಣದ ಗಡಿಯಾರ ತಿಳಿಯದು. ಕೆಂಪು ಕೋಟೆಯನ್ನು ಬಿಟ್ಟೆವು. ಪ್ರಧಾನಮಂತ್ರಿ ಸಂಗ್ರಹಾಲಯವನ್ನೂ ಬಿಟ್ಟೆವು. ಹಾಸನ ಜಿಲ್ಲೆಯ ದೇವೇಗೌಡರು 1996ರಲ್ಲಿ ಏರಿದ ಪದವಿಯ ಕಥೆಯನ್ನು ಅಲ್ಲಿ ನೋಡಬೇಕೆಂಬ ಆಸೆ ನನಗೆ ಇನ್ನೂ ಉಳಿದಿದೆ. ಕೋಟೆ ತಪ್ಪಿದುದಕ್ಕೆ ಮಗ ಮುನಿಸಿಕೊಳ್ಳಬೇಕಾಗಿತ್ತು. ಆದರೆ ಆ ದಿನ ದುಬೈಯಲ್ಲಿ ಭಾರತ, ಪಾಕಿಸ್ತಾನಗಳ ಕ್ರಿಕೆಟ್ ಪಂದ್ಯವಿತ್ತು. ಅವನು ವಸತಿಗೃಹದ ಟೆಲಿವಿಷನ್ನಿನ ಮುಂದೆ ಕುಳಿತವನು ಕೊಹ್ಲಿ ಶತಕ ಮುಗಿಸುವವರೆಗೆ ಮೇಲೇಳಲಿಲ್ಲ.

ಸಂಜೆಯ ಮುನ್ನ ತಂದೆಯವರೂ ನಾನೂ ಕರೋಲ್ ಬಾಗಿನ ಬೀದಿಗಳಲ್ಲಿ ಸುಮ್ಮನೆ ಹೊರಟೆವು. ಒಣಹಣ್ಣುಗಳ ಅಂಗಡಿಯೊಂದರ ಮುಂದೆ ಅವರು ಗಕ್ಕನೆ ನಿಂತರು. ಗೋಡಂಬಿ, ದ್ರಾಕ್ಷಿ, ಬಾದಾಮಿಗಳ ನಡುವೆ ಒಂದು ಬುಟ್ಟಿಯ ತುಂಬ ಉಂಡೆ ಕೊಬ್ಬರಿ! ಅಲ್ಲಿ ಅದಕ್ಕೆ ‘ಗೋಲಾ’ ಎನ್ನುತ್ತಾರೆ. ಶಿವರಾತ್ರಿ ಹತ್ತಿರ ಬಂದಿತ್ತಾಗಿ ಜನ ಎರಡು ಮೂರು ಉಂಡೆಗಳನ್ನು ಕೊಂಡು ಹೋಗುತ್ತಿದ್ದರು. ತಂದೆಯವರು ಒಂದನ್ನು ಕೈಗೆತ್ತಿಕೊಂಡು, ತಿರುಗಿಸಿ, ಉಗುರಿನಿಂದ ಮೆಲ್ಲನೆ ಗೀರಿ, ಮೂಗಿನ ಬಳಿ ಹಿಡಿದರು. ಅಂಗಡಿಯವನು ಹುಬ್ಬು ಗಂಟಿಕ್ಕಿದ. ನಾನು ಪರೀಕ್ಷೆಗಳಿಗಾಗಿ ಕಲಿತ ಹಿಂದಿಯಲ್ಲಿ, ಇದು ಎಲ್ಲಿಯ ಮಾಲು ಎಂದು ಕೇಳಿದೆ.

“ಟಿಪ್ಟೂರ್ ಕಾ” ಎಂದ.

ಆ ಎರಡು ಪದಗಳಿಗೆ ಭಾಷಾಂತರ ಬೇಕಾಗಲಿಲ್ಲ. ನಾವು ತಿಪಟೂರಿನ ಸೀಮೆಯವರೇ ಎಂದೂ ಇವರು ಬೆಳೆಗಾರರೆಂದೂ ನಾನು ತ್ರಾಸಪಟ್ಟು ತಿಳಿಸಿದ ಮೇಲೆ ಆ ಮನುಷ್ಯ ಗಲ್ಲದಿಂದ ಎದ್ದೇ ಬಂದ. ಇಬ್ಬರು ಮುದುಕರ ನಡುವೆ ಬಹಳ ಹೊತ್ತು ಸಂಭಾಷಣೆ ನಡೆಯಿತು. ಒಬ್ಬರು ಹಿಂದಿಯಲ್ಲಿ, ಒಬ್ಬರು ಕನ್ನಡದಲ್ಲಿ. ಕಾಯಿ ಇಷ್ಟು ಕಾಲ ಅಟ್ಟದ ಮೇಲಿರುತ್ತದೆಂದು ತಂದೆಯವರು ಹತ್ತು ಬೆರಳುಗಳನ್ನು ಬಿಡಿಸಿ, ಮತ್ತೊಂದನ್ನು ಸೇರಿಸಿದರು. ಅಂಗಡಿಯವನು ಅದನ್ನು ಬೆಲೆಯೆಂದು ತಿಳಿದು ಕೈಯಾಡಿಸಿ ನಕ್ಕ. ತಿಪಟೂರಿನ ಮಂಡಿಯಲ್ಲಿ ತಾವು ಪಡೆದ ಬೆಲೆಗೂ ಇಲ್ಲಿ ಗಿರಾಕಿ ತೆರುವ ಬೆಲೆಗೂ ಇರುವ ಅಂತರವನ್ನು ತಂದೆಯವರು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದ್ದು ನನಗೆ ಗೊತ್ತಾಯಿತು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೊರಡುವಾಗ ಅಂಗಡಿಯವನು ಒಂದು ಉಂಡೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟ, ಹಣ ಮುಟ್ಟಲಿಲ್ಲ. ಬೋರನಕಣಿವೆಯ ಕಡೆಯ ಕೊಬ್ಬರಿ ಹೀಗೆ ದೆಹಲಿಗೆ ಹೋಗಿ, ವಿಮಾನದಲ್ಲಿ ಕುಳಿತು ಊರಿಗೆ ಬಂದು, ಶಿವರಾತ್ರಿಯ ಪೂಜೆಯ ತಟ್ಟೆಯಲ್ಲಿ ಕುಳಿತಿತು. ಯಾವ ಜಾಲತಾಣದಲ್ಲಿ ಇದನ್ನು ಕಾಯ್ದಿರಿಸಲು ಸಾಧ್ಯವಿತ್ತು?

ಸೋಮವಾರದ ಆಗ್ರಾವನ್ನು ಕುರಿತು ಹೆಚ್ಚು ಬರೆಯಲಾರೆ. ಪ್ರವೇಶಕ್ಕೆ 50 ರೂಪಾಯಿ. ಮುಖ್ಯ ಗುಮ್ಮಟದ ಒಳಗೆ ಹೋಗಬೇಕಾದರೆ ಇನ್ನೂ 200. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಉಚಿತ. ಒಳಗಿರಲು ಮೂರು ಗಂಟೆಯ ಅವಧಿ. ಮೊದಲೇ ಕೊಂಡಿದ್ದರಿಂದ ಕಟಕಟೆಯ ನೂಕುನುಗ್ಗಲು ತಪ್ಪಿತು. ಅಮ್ಮ ಒಂದು ಕಲ್ಲಿನ ಪೀಠದ ಮೇಲೆ ಕುಳಿತು ಒಂದು ಗಂಟೆ ಅದನ್ನೇ ನೋಡಿದರು. ಗುಮ್ಮಟದೊಳಗೆ ಹೋಗಲು ಒಪ್ಪಲಿಲ್ಲ. “ಮಲಗಿರೋರನ್ನ ಯಾಕೆ ಎಬ್ಬಿಸೋದು” ಎಂದರು.

ಊರಿಗೆ ಬಂದ ಮೇಲೆ ಭವನದ ಆ ಅಚ್ಚಾದ ಹಾಳೆಯನ್ನು ತಂದೆಯವರು ಪಹಣಿ, ಕಂದಾಯದ ರಸೀದಿಗಳ ಜೊತೆಗೆ ತಗಡಿನ ಪೆಟ್ಟಿಗೆಯಲ್ಲಿ ಇಟ್ಟರು. ಚಿಕ್ಕಪ್ಪನನ್ನು ಕರೆಸಿ ತೋರಿಸಿದ್ದೂ ಆಯಿತು. ಕಥೆ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ಆದರೆ ಆ ವರ್ಷದ ಜೂನ್ ತಿಂಗಳಲ್ಲಿ ಪತ್ರಿಕೆಯೊಂದನ್ನು ಮುಂದಿಟ್ಟುಕೊಂಡು ತಂದೆಯವರು ದೂರವಾಣಿ ಮಾಡಿದರು. ಬೆಂಗಳೂರಿನ ವಿಧಾನಸೌಧವನ್ನು ಮಾರ್ಗದರ್ಶಕರೊಡನೆ ಸುತ್ತಿ ನೋಡುವ ವ್ಯವಸ್ಥೆಯನ್ನು ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದವರು ಆರಂಭಿಸಿದ್ದರು. ಭಾನುವಾರಗಳಲ್ಲಿ, ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳಲ್ಲಿ. ತಲೆಗೆ 50 ರೂಪಾಯಿ. ಜಾಲತಾಣದಲ್ಲಿ ಮುಂಗಡವಾಗಿ ಕಾಯ್ದಿರಿಸಬೇಕು. ಅದೇ ಐವತ್ತು, ಅದೇ ಸರದಿ.

“ಬುಕ್ ಮಾಡಪ್ಪ” ಎಂದರು ತಂದೆಯವರು.

ವಿಧಾನಸೌಧ ಅವರಿಗೆ ಹೊಸದಲ್ಲ. 1951ರ ಜುಲೈ 13ರಂದು ನೆಹರೂ ಅವರಿಂದ ಅಡಿಗಲ್ಲು ಹಾಕಿಸಿಕೊಂಡು, ಕೆಂಗಲ್ ಹನುಮಂತಯ್ಯನವರ ಹಟದಿಂದ ಈಗಿನ ಭವ್ಯ ಆಕಾರ ಪಡೆದು, 1956ರಲ್ಲಿ ಮುಗಿದ ಈ ಕಟ್ಟಡದ ಸುತ್ತಮುತ್ತ ಅವರು ಎಷ್ಟು ಸಲ ಅಲೆದಿದ್ದಾರೋ ಲೆಕ್ಕವಿಲ್ಲ. ನಾಲೆಯ ಹೂಳು ತೆಗೆಸಬೇಕೆಂಬ ಅರ್ಜಿ, ಒಣಗಿದ ತೋಟದ ಪರಿಹಾರದ ಅರ್ಜಿ. ಚೀಲದಲ್ಲಿ ಅಮ್ಮ ಕಟ್ಟಿಕೊಟ್ಟ ಬುತ್ತಿ, ಕೈಯಲ್ಲಿ ಕಾಗದದ ಕಟ್ಟು. ಯಾವ ಬಾಗಿಲಿಗೆ ಹೋದರೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಯಾರನ್ನು ನೋಡಬೇಕು? ಆ ‘ಯಾರು’ ಸಾಮಾನ್ಯವಾಗಿ ಊರಿನಲ್ಲಿರುತ್ತಿರಲಿಲ್ಲ. ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹವನ್ನು ರಸ್ತೆಯ ಈಚೆಯಿಂದ ಓದಿಕೊಂಡು, ರಾತ್ರಿಯ ಬಸ್ಸಿಗೆ ಹುಳಿಯಾರಿನ ದಾರಿ ಹಿಡಿಯುತ್ತಿದ್ದರು.

ಒಂದು ಭಾನುವಾರ ಬೆಳಗ್ಗೆ ನಾವು ಅಲ್ಲಿಗೆ ಹೋದೆವು. ಅದೇ ಪಂಚೆ, ಅದೇ ಬಿಳಿಯ ಅಂಗಿ. ಟಿಕೆಟ್ಟಿನ ಹಾಳೆಯನ್ನು ತಂದೆಯವರು ನನ್ನ ಕೈಯಿಂದ ಮೊದಲೇ ತೆಗೆದುಕೊಂಡಿದ್ದರು. ಬಾಗಿಲ ಬಳಿ ಸಮವಸ್ತ್ರದ ತರುಣನೊಬ್ಬ ನಿಂತಿದ್ದ. ಹಳೆಯ ಅಭ್ಯಾಸದಿಂದಲೋ ಏನೋ, ಸೌಜನ್ಯದಿಂದಲೇ ಕೇಳಿದ:

“ಯಾರನ್ನ ನೋಡಬೇಕು ಯಜಮಾನ್ರೇ?”

ತಂದೆಯವರು ಹಾಳೆಯನ್ನು ಬಿಡಿಸಿ ಅವನ ಮುಂದೆ ಹಿಡಿದರು.

“ಯಾರನ್ನೂ ನೋಡಬೇಕಾಗಿಲ್ಲಪ್ಪ. ಕಟ್ಟಡ ನೋಡೋಕೆ ಬಂದಿದೀವಿ.”